ಹಾರ್ಲೆಮ್‌ನ ಮಗ್ಗ, ಜಾವಾದ ಗದ್ದೆ, ಮಲೆನಾಡಿನ ಕಾಫಿ ಕಣ

ಹಾರ್ಲೆಮ್ ಅಂದ ತಕ್ಷಣ ನಮ್ಮ ಬಳಗದವರಿಗೆ ನೆನಪಾಗೋದು ಶನಿವಾರದ ಸಂತೆ, ಸ್ಪಾರ್ನೆ ನದಿ, ಊರಿಂದ ಬಂದ ಅಪ್ಪ-ಅಮ್ಮನಿಗೆ ತೋರಿಸಲೇಬೇಕಾದ ಗಾಳಿಯಂತ್ರ, ಏಪ್ರಿಲ್ ತಿಂಗಳ ಹೂವಿನ ಮೆರವಣಿಗೆ. ಇಷ್ಟು ಚೆಂದದ ಊರು ಒಂದು ಕಾಲಕ್ಕೆ ಬಡವರ ಊರಾಗಿತ್ತು ಅಂದರೆ ನಂಬೋದು ಕಷ್ಟ. ಆ ಬಡತನ ನೀಗಿಸಲು ಇಲ್ಲಿನ ರಾಜ ಒಂದು ನೀತಿ ತಂದ. ಆ ನೀತಿಯ ಇನ್ನೊಂದು ತುದಿ ಹತ್ತು ಸಾವಿರ ಕಿಲೋಮೀಟರಿಗೂ ದೂರದ ಜಾವಾ ದ್ವೀಪದಲ್ಲಿತ್ತು. ಈ ಸಲದ ಸಂಚಿಕೆಗೆ ಆ ಕಥೆ ಬರೆಯೋಣ ಅನ್ನಿಸಿತು. ಕಥೆ ಹಳೇದು ನಿಜ, ಆದರೆ ಅದು ನಮ್ಮ ಮನೆ ಬಾಗಿಲಿಗೂ ಬಂದು ನಿಲ್ಲುತ್ತೆ.

ನಮ್ಮೂರಲ್ಲಿ ಯಾರಾದರೂ ಬಡವರಾಗಿದ್ದರೆ ಕಾರಣ ಹೇಳೋಕೆ ಹತ್ತು ಜನ ತಯಾರು. ಅವನು ಸೋಮಾರಿ, ಇವನು ಕುಡುಕ, ಅವರ ಹಣೆಬರಹ ಅಷ್ಟೇ, ದಾಯಾದಿ ಜಗಳದಲ್ಲಿ ಹಾಳಾದರು. ಇವೂ ಇರಬಹುದು. ಆದರೆ ಸುಂಕ ಎಷ್ಟು, ನಾಣ್ಯದ ಬೆಲೆ ಎಷ್ಟು, ಸರ್ಕಾರದ ಸಾಲ ತೀರಿಸೋರು ಯಾರು ಅನ್ನೋ ತೀರ್ಮಾನಗಳು ಎಲ್ಲೋ ದೂರದ ಕಚೇರಿಯಲ್ಲಿ ಆಗಿ, ಸದ್ದಿಲ್ಲದೆ ನಮ್ಮ ಅಡುಗೆ ಮನೆಗೆ ಬರುತ್ತವೆ. ಪಿಯುಸಿಯಲ್ಲಿ ಸಮಗ್ರ ಅರ್ಥಶಾಸ್ತ್ರ ಅಂತ ಓದಿ ಪರೀಕ್ಷೆ ಬರೆದು ಮರೆತದ್ದು ಇದನ್ನೇ.

ಬಡವರ ಊರು

ಹದಿನೇಳನೇ ಶತಮಾನದಲ್ಲಿ ಹಾರ್ಲೆಮ್ ನೇಕಾರರ ಊರು. ಇಲ್ಲಿನ ನಾರುಬಟ್ಟೆ, ಅದನ್ನು ಬಿಳಿಚುವ ಕೆಲಸ ಎರಡೂ ಯುರೋಪಿನ ತುಂಬ ಹೆಸರು ಮಾಡಿದ್ದವು. ಸುತ್ತಲಿನ ಮರಳು ದಿಬ್ಬಗಳ ಶುದ್ಧ ನೀರಿನಲ್ಲಿ ಬಟ್ಟೆ ತೊಳೆದು ಹುಲ್ಲುಗಾವಲಿನಲ್ಲಿ ಹಾಸುತ್ತಿದ್ದರು. 1622ರಲ್ಲಿ ಊರಿನ ಜನಸಂಖ್ಯೆ ಸುಮಾರು 39 ಸಾವಿರ ಇತ್ತು. ಆಮೇಲೆ ಕೆಲಸ ಬೇರೆ ಕಡೆ ಹೋಯಿತು, ಜನವೂ ಹೋದರು. 1795ರ ಹೊತ್ತಿಗೆ ಉಳಿದವರು ಸುಮಾರು 21 ಸಾವಿರ. ಊರೊಳಗೆ ಅಡ್ಡಾಡುವಾಗ ಅಲ್ಲಲ್ಲಿ ಹೊಫ್ಯೆ ಅನ್ನೋ ಪುಟ್ಟ ಅಂಗಳದ ಮನೆಗಳನ್ನು ನೋಡಿರುತ್ತೀರಿ. ಈಗ ಪ್ರವಾಸಿಗಳು ಫೋಟೋ ತೆಗೆಯುವ ಆ ಮನೆಗಳನ್ನು ಕಟ್ಟಿದ್ದು ಗತಿಯಿಲ್ಲದ ವಯಸ್ಸಾದ ಹೆಂಗಸರಿಗಾಗಿ. ಉಳ್ಳವರು ಧರ್ಮಕ್ಕೆ ಕಟ್ಟಿಸಿದರು. ಧರ್ಮದಿಂದ ಸೂರು ಸಿಕ್ಕಿತು, ಕೆಲಸ ಸಿಗಲಿಲ್ಲ.

ನೆಪೋಲಿಯನ್ ಕಾಲದ ಯುದ್ಧಗಳು ಮುಗಿದಾಗ ದೇಶದ ಮೇಲೆ ಬೆಟ್ಟದಷ್ಟು ಸಾಲ. ಆಗ ಪಟ್ಟಕ್ಕೆ ಬಂದವನು ಒಂದನೇ ವಿಲ್ಲೆಮ್. ಜನ ಅವನನ್ನು ವ್ಯಾಪಾರಿ ರಾಜ ಅಂತಲೇ ಕರೆಯುತ್ತಿದ್ದರು. 1824ರಲ್ಲಿ ಅವನು ನೆದರ್‌ಲ್ಯಾಂಡ್ಸ್ ವ್ಯಾಪಾರ ಸಂಘ ಅನ್ನೋ ದೊಡ್ಡ ಕಂಪನಿ ಸ್ಥಾಪಿಸಿದ. ಡಚ್ಚರು ಅದನ್ನು ಎನ್‌ಎಚ್‌ಎಂ ಅಂತಾರೆ. ನಮ್ಮಲ್ಲಿ ಎಷ್ಟೋ ಜನರ ಸಂಬಳ ಬಂದು ಬೀಳುವ ಎಬಿಎನ್ ಆಮ್ರೊ ಬ್ಯಾಂಕಿನ ಮೂಲಪುರುಷರಲ್ಲಿ ಈ ಸಂಘವೂ ಒಂದು. ಅದೇ ವರ್ಷ ಜಾವಾಕ್ಕೆ ಬರುವ ಪರದೇಶದ, ಅಂದರೆ ಮುಖ್ಯವಾಗಿ ಇಂಗ್ಲೆಂಡಿನ ಹತ್ತಿಬಟ್ಟೆಗೆ 25% ಸುಂಕ ಹಾಕಿದರು. ಜಾವಾದ ಮಾರುಕಟ್ಟೆ ತಮ್ಮ ಮಗ್ಗಗಳಿಗೆ ಸಿಗಲಿ ಅನ್ನೋದು ಲೆಕ್ಕ.

ಆಗ ದೇಶದ ಹತ್ತಿ ಗಿರಣಿಗಳಿದ್ದದ್ದು ದಕ್ಷಿಣದ ಗೆಂಟ್ ಪಟ್ಟಣದಲ್ಲಿ. 1830ರಲ್ಲಿ ಬೆಲ್ಜಿಯಂ ಬಂಡೆದ್ದು ಬೇರೆಯಾಯಿತು, ಗಿರಣಿಗಳೂ ಕೈಬಿಟ್ಟು ಹೋದವು. ಸರ್ಕಾರ, ಎನ್‌ಎಚ್‌ಎಂ ಸೇರಿ ಅಲ್ಲಿನ ಉದ್ಯಮಿಗಳನ್ನೇ ಇಲ್ಲಿಗೆ ಕರೆಸಿದವು. ಹಾಗೆ 1830ರ ದಶಕದ ಮಧ್ಯದಲ್ಲಿ ಹಾರ್ಲೆಮ್‌ಗೆ ಬಂದವರು ಮೂವರು: ಇಂಗ್ಲಿಷಿನವನಾದ ಥಾಮಸ್ ವಿಲ್ಸನ್, ಬ್ರಸೆಲ್ಸ್ ಕಡೆಯ ಪ್ರೆವಿನೇರ್, ಗೆಂಟಿನ ಪೋಲ್ಮನ್. ಹಾರ್ಲೆಮ್ ಯಾಕೆ? ನೀರಿತ್ತು, ಬಂದರು ಹತ್ತಿರವಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ಕಡಿಮೆ ಕೂಲಿಗೆ ಬರುವ ಬಡವರು ಬೇಕಾದಷ್ಟಿದ್ದರು. ಧರ್ಮದ ರೊಟ್ಟಿ ತಿನ್ನುತ್ತಿದ್ದ ಕುಟುಂಬಗಳು ಗಿರಣಿಗೆ ಬಂದವು, ಮಕ್ಕಳೂ ಬಂದರು. ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸಬಾರದು ಅಂತ ಈ ದೇಶದಲ್ಲಿ ಕಾನೂನು ಬಂದದ್ದು 1874ರಲ್ಲಿ. ಅಂದರೆ ನಾಲ್ಕು ದಶಕ ತಡವಾಗಿ.

ಆ ಕಾಲದ ವ್ಯವಸ್ಥೆ ಸರಳ. ಗಿರಣಿ ನೇಯ್ದ ಬಟ್ಟೆಯನ್ನು ಎನ್‌ಎಚ್‌ಎಂ ಕೊಳ್ಳುತ್ತೆ, ಹಡಗಿನಲ್ಲಿ ಜಾವಾಕ್ಕೆ ಕಳಿಸುತ್ತೆ, ಅದೇ ಹಡಗು ಕಾಫಿ, ಸಕ್ಕರೆ ತುಂಬಿಕೊಂಡು ವಾಪಸ್ ಬರುತ್ತೆ. ಇಂಗ್ಲೆಂಡಿನವರು ಸುಮ್ಮನಿರಲಿಲ್ಲ. 1824ರ ಲಂಡನ್ ಒಪ್ಪಂದದ ಪ್ರಕಾರ ನಮ್ಮ ಬಟ್ಟೆಗೆ ನಿಮ್ಮ ಬಟ್ಟೆಯ ಎರಡರಷ್ಟಕ್ಕಿಂತ ಹೆಚ್ಚು ಸುಂಕ ಹಾಕೋ ಹಾಗಿಲ್ಲ ಅಂತ ಪಟ್ಟು ಹಿಡಿದರು. ಡಚ್ ಸರ್ಕಾರ ಹೊರಗೆ ಹೂಂ ಅಂತು. ಡಚ್ ಬಟ್ಟೆಗೂ ಅರ್ಧ ಸುಂಕ, ಅಂದರೆ 12.5% ಹಾಕಿತು. ಒಳಗೊಳಗೆ ಆ ಹೊರೆಯನ್ನು ಎನ್‌ಎಚ್‌ಎಂಗೆ ಗುಟ್ಟಾಗಿ ತುಂಬಿಕೊಡಲು ಒಪ್ಪಂದ ಮಾಡಿಕೊಂಡಿತು. ಈಗಿನ ಸಬ್ಸಿಡಿ ಜಗಳಗಳನ್ನು ಟಿವಿಯಲ್ಲಿ ನೋಡುವಾಗ ನನಗೆ ಇದು ನೆನಪಾಗಿ ನಗು ಬರುತ್ತೆ.

ಬಟ್ಟೆ ಕೊಳ್ಳುವವರು ಯಾರು?

ಜಾವಾದ ರೈತನ ಕೈಲಿ ಕಾಸಿದ್ದರೆ ತಾನೇ ಬಟ್ಟೆ ಕೊಳ್ಳೋದು? ಆ ಕಾಸು ಹುಟ್ಟುತ್ತಿದ್ದದ್ದು ಇನ್ನೊಂದು ನೀತಿಯಿಂದ. 1830ರಲ್ಲಿ ಯೊಹಾನೆಸ್ ವಾನ್ ಡೆನ್ ಬೋಸ್ ಜಾವಾದ ಗವರ್ನರ್ ಜನರಲ್ ಆಗಿ ಹೋದ. ಈ ಮನುಷ್ಯ ವಿಚಿತ್ರ. 1818ರಲ್ಲಿ ಇದೇ ದೇಶದ ಬಡವರಿಗಾಗಿ ಒಂದು ಪರೋಪಕಾರಿ ಸಂಘ ಕಟ್ಟಿ, ಡ್ರೆಂಥೆ ಪ್ರಾಂತ್ಯದ ಬರಡು ನೆಲದಲ್ಲಿ ಅವರಿಗೆ ಮನೆ, ಹೊಲ ಕೊಟ್ಟು ಕೆಲಸ ಕಲಿಸಿದವನು. ಆ ವಸಾಹತುಗಳು 2021ರಲ್ಲಿ ಯುನೆಸ್ಕೋ ಪಟ್ಟಿ ಸೇರಿವೆ. ಬಡವರ ಬಗ್ಗೆ ಅಷ್ಟು ಯೋಚನೆ ಮಾಡಿದವನೇ ಜಾವಾದಲ್ಲಿ ಕಡ್ಡಾಯ ಬೆಳೆ ಪದ್ಧತಿ ತಂದ. ಡಚ್ಚರ ಭಾಷೆಯಲ್ಲಿ ಕುಲ್ಟೂರ್‌ಸ್ಟೆಲ್ಸೆಲ್.

ಕಾಗದದ ಮೇಲೆ ಪದ್ಧತಿ ಹೀಗಿತ್ತು. ಪ್ರತಿ ಹಳ್ಳಿ ತನ್ನ ಜಮೀನಿನ ಐದನೇ ಒಂದು ಭಾಗದಲ್ಲಿ ಸರ್ಕಾರ ಹೇಳಿದ ಬೆಳೆ ಬೆಳೆಯಬೇಕು: ಕಬ್ಬು, ನೀಲಿ, ಕಾಫಿ. ಅದಕ್ಕೆ ಬದಲಾಗಿ ಭೂಕಂದಾಯದಲ್ಲಿ ವಿನಾಯಿತಿ. ಬೆಳೆಯ ಬೆಲೆ ಕಂದಾಯಕ್ಕಿಂತ ಹೆಚ್ಚಾದರೆ ಉಳಿದದ್ದು ರೈತನಿಗೆ. ಕೇಳೋಕೆ ಅನ್ಯಾಯ ಅನ್ನಿಸಲ್ಲ. ಆದರೆ ಬೆಲೆ ಕಟ್ಟುವವನೂ ಸರ್ಕಾರ, ಕೊಳ್ಳುವವನೂ ಸರ್ಕಾರ. ಮೇಲಾಗಿ ಡಚ್ ಅಧಿಕಾರಿಗಳಿಗೆ, ಸ್ಥಳೀಯ ಪಾಳೆಯಗಾರರಿಗೆ ಬೆಳೆಯ ಮೇಲೆ ಶೇಕಡಾವಾರು ಕಮಿಷನ್. ಹೆಚ್ಚು ಬೆಳೆದರೆ ಹೆಚ್ಚು ಕಮಿಷನ್ ಅಂದಮೇಲೆ ಐದನೇ ಒಂದು ಭಾಗ ಕಾಗದದಲ್ಲೇ ಉಳಿಯಿತು. ಎಷ್ಟೋ ಕಡೆ ಒಳ್ಳೆಯ ನೀರಾವರಿ ಗದ್ದೆಯೇ ಕಬ್ಬಿಗೆ ಹೋಯಿತು, ರೈತನ ವರ್ಷದ ಬಹುಪಾಲು ದಿನ ನೀಲಿ ಗಿಡಕ್ಕೆ ಹೋಯಿತು. ಭತ್ತ ನಾಟಿ ಮಾಡೋಕೆ ಆಳೂ ಇಲ್ಲ, ನೀರೂ ಇಲ್ಲ.

ಕೂಲಿ ಕೊಡುತ್ತಿದ್ದದ್ದು ಡ್ಯೂಟ್ ಅನ್ನೋ ತಾಮ್ರದ ನಾಣ್ಯದಲ್ಲಿ. ಇಂಡೋನೇಷ್ಯಾದಲ್ಲಿ ಇವತ್ತಿಗೂ ಹಣಕ್ಕೆ ದುವಿಟ್ ಅಂತಾರೆ. ನಮ್ಮ ಕಿವಿಗೆ ಅದು ದುಡ್ಡು ಅಂತಲೇ ಕೇಳುತ್ತೆ. ಸರ್ಕಾರ ಆ ತಾಮ್ರವನ್ನು ರಾಶಿ ರಾಶಿ ಸುರಿಯಿತು. ಬೆಳ್ಳಿ ನಾಣ್ಯ ಮಾರುಕಟ್ಟೆಯಿಂದ ಮಾಯವಾಯಿತು, ತಾಮ್ರದ ಬೆಲೆ ಬಿದ್ದಿತು. ರೈತ ಕೈತುಂಬ ಕಾಸು ಎಣಿಸಿದರೂ ಅದಕ್ಕೆ ಬರುವ ಅಕ್ಕಿ ಕಡಿಮೆಯಾಗುತ್ತಾ ಹೋಯಿತು. 1846ರಲ್ಲಿ ನಾಣ್ಯ ವ್ಯವಸ್ಥೆ ಸರಿಪಡಿಸಲು ಹೊರಟಾಗ ಹಾನಿ ಆಗಿಹೋಗಿತ್ತು.

1849-50ರಲ್ಲಿ ಮಧ್ಯ ಜಾವಾದ ದೆಮಾಕ್, ಗ್ರೊಬೊಗಾನ್ ಪ್ರದೇಶದಲ್ಲಿ ಮಳೆ ಕೈಕೊಟ್ಟಿತು. ಬೆಳೆ ಹೋಯಿತು. ಕಂದಾಯದವರು ಮಾತ್ರ ಬರೋದು ನಿಲ್ಲಿಸಲಿಲ್ಲ. ಅಕ್ಕಿಯ ನಾಡಾದ ಜಾವಾದಲ್ಲಿ ಜನ ಹಸಿವಿಗೆ ಸತ್ತರು, ಬದುಕಿದವರು ಗುಳೆ ಹೋದರು, ಹಳ್ಳಿಗೆ ಹಳ್ಳಿಯೇ ಖಾಲಿಯಾದವು. ಮಳೆ ಬರದೇ ಇದ್ದದ್ದು ಯಾರ ತಪ್ಪೂ ಅಲ್ಲ. ಕಣಜ ಮೊದಲೇ ಖಾಲಿಯಾಗಿದ್ದು ಮಾತ್ರ ನೀತಿಯಿಂದ. ಈ ವ್ಯವಸ್ಥೆಯೊಳಗೇ ಅಧಿಕಾರಿಯಾಗಿದ್ದ ಎಡ್ವರ್ಡ್ ಡೌವೆಸ್ ಡೆಕ್ಕರ್, ಮುಲ್ತಾತುಲಿ ಅನ್ನೋ ಹೆಸರಿನಲ್ಲಿ 1860ರಲ್ಲಿ ಮ್ಯಾಕ್ಸ್ ಹಾವೆಲಾರ್ ಕಾದಂಬರಿ ಬರೆದು ಇಲ್ಲಿನವರ ನಿದ್ದೆ ಕೆಡಿಸಿದ. ಅಂಗಡಿಯಲ್ಲಿ ಕಾಫಿ ಪೊಟ್ಟಣದ ಮೇಲೆ ಮ್ಯಾಕ್ಸ್ ಹಾವೆಲಾರ್ ಮುದ್ರೆ ನೋಡಿರುತ್ತೀರಲ್ಲ, 1988ರಲ್ಲಿ ಶುರುವಾದ ಆ ನ್ಯಾಯಬೆಲೆ ಗುರುತಿಗೆ ಹೆಸರು ಬಂದದ್ದು ಆ ಕಾದಂಬರಿಯಿಂದಲೇ.

ಲಾಭ ಎಲ್ಲಿಗೆ ಹೋಯಿತು?

1831ರಿಂದ 1877ರವರೆಗೆ ಜಾವಾದಿಂದ ಡಚ್ ಬೊಕ್ಕಸಕ್ಕೆ ಬಂದ ಉಳಿತಾಯ 80 ಕೋಟಿ ಗಿಲ್ಡರಿಗೂ ಹೆಚ್ಚು. 1850ರ ದಶಕದಲ್ಲಿ ಇಲ್ಲಿನ ಸರ್ಕಾರದ ಆದಾಯದ ಸುಮಾರು ಮೂರನೇ ಒಂದು ಭಾಗ ಅಲ್ಲಿಂದಲೇ. ಅದರಿಂದ ಹಳೆ ಸಾಲ ತೀರಿತು, ತೆರಿಗೆ ಇಳಿಯಿತು, ರೈಲು ದಾರಿಗಳಾದವು. 1863ರಲ್ಲಿ ಸುರಿನಾಮ್‌ನಲ್ಲಿ ಗುಲಾಮಗಿರಿ ರದ್ದಾದಾಗ ಒಬ್ಬೊಬ್ಬ ಗುಲಾಮನಿಗೆ 300 ಗಿಲ್ಡರ್‌ನಂತೆ ಪರಿಹಾರ ಕೊಟ್ಟರು. ಕೊಟ್ಟದ್ದು ಗುಲಾಮರಿಗಲ್ಲ, ಮಾಲೀಕರಿಗೆ. ಬೊಕ್ಕಸದಲ್ಲಿ ಅದಕ್ಕೆ ದುಡ್ಡಿದ್ದದ್ದು ಜಾವಾ ರೈತನ ಬೆವರಿನಿಂದ.

ಹಾಗಂತ ಹಾರ್ಲೆಮ್‌ನ ಗಿರಣಿ ಕೂಲಿಗಳು ಜಾವಾದವರನ್ನು ಸುಲಿದು ಸಾಹುಕಾರರಾದರು ಅಂತ ತಿಳೀಬೇಡಿ. ಅವರಿಗೆ ಸಿಕ್ಕಿದ್ದು ಹೊಟ್ಟೆಬಟ್ಟೆಗೆ ಸಾಲದ ಕೂಲಿ. ಇಲ್ಲೊಬ್ಬ ಬಡವ ನೇಯ್ದ, ಅಲ್ಲೊಬ್ಬ ಬಡವ ಕಷ್ಟಪಟ್ಟು ಕೊಂಡ, ನಡುವೆ ಹಡಗಿನವನೂ ಬೊಕ್ಕಸದವನೂ ಬೆಳೆದರು. ಇಬ್ಬರು ಬಡವರಿಗೂ ಒಬ್ಬರನ್ನೊಬ್ಬರು ನೋಡುವ ಅವಕಾಶವೇ ಇರಲಿಲ್ಲ.

ಆಸರೆ ತೆಗೆದಾಗ ಏನಾಯಿತು ಅನ್ನೋದನ್ನೂ ಹೇಳಬೇಕು. 1860ರ ದಶಕದಲ್ಲಿ ಮುಕ್ತ ವ್ಯಾಪಾರದ ಗಾಳಿ ಬೀಸಿತು. ಜಾವಾದಲ್ಲಿ ಡಚ್ ಬಟ್ಟೆಗಿದ್ದ ಸುಂಕದ ರಕ್ಷಣೆಯನ್ನು ಇಳಿಸುತ್ತಾ ಬಂದು 1870ರ ದಶಕದಲ್ಲಿ ಪೂರ್ತಿ ತೆಗೆದರು. ವಿಲ್ಸನ್ ಗಿರಣಿ 1872ರಲ್ಲಿ ಮುಚ್ಚಿತು. ಪ್ರೆವಿನೇರ್ ಕಾರ್ಖಾನೆಯವರು ಜಾವಾದ ಬಾಟಿಕ್ ಬಟ್ಟೆಯನ್ನು ಯಂತ್ರದಲ್ಲಿ ಅನುಕರಿಸಲು ಲಾ ಜಾವನೇಸ್ ಅನ್ನೋ ಯಂತ್ರ ಮಾಡಿದ್ದರು. ಜಾವಾದ ಹೆಂಗಸರಿಗೆ ಆ ನಕಲು ಹಿಡಿಸಲಿಲ್ಲ. ಮುಂದೆ ಅದೇ ಬಟ್ಟೆಗೆ ಪಶ್ಚಿಮ ಆಫ್ರಿಕಾದಲ್ಲಿ ಗಿರಾಕಿ ಸಿಕ್ಕಿತು. ಇವತ್ತು ಆಫ್ರಿಕಾದ ಬಟ್ಟೆ ಅಂತ ನಾವು ಗುರುತಿಸುವ ಬಣ್ಣಬಣ್ಣದ ಮೇಣದ ಮುದ್ರಣದ ಬೇರು ಹಾರ್ಲೆಮ್‌ನಲ್ಲೂ ಇದೆ. ಕಾರ್ಖಾನೆ ಮಾತ್ರ ಮೊದಲ ಮಹಾಯುದ್ಧದ ಕಾಲ ದಾಟಿ ಉಳಿಯಲಿಲ್ಲ. ನೀತಿ ತಂದಾಗಲೂ ಕೂಲಿಯವರನ್ನು ಯಾರೂ ಕೇಳಲಿಲ್ಲ, ತೆಗೆದಾಗಲೂ ಕೇಳಲಿಲ್ಲ.

ಈ ಪದ್ಧತಿಯಿಂದ ಜಾವಾಕ್ಕೆ ಒಳ್ಳೆಯದೇ ಆಗಲಿಲ್ವಾ ಅಂತ ಕೇಳಬಹುದು. ಮೆಲಿಸ್ಸಾ ಡೆಲ್, ಬೆಂಜಮಿನ್ ಓಲ್ಕೆನ್ ಅನ್ನೋ ಅರ್ಥಶಾಸ್ತ್ರಜ್ಞರು ಇತ್ತೀಚೆಗೆ ಲೆಕ್ಕ ಹಾಕಿ ನೋಡಿದ್ದಾರೆ. ಆಗಿನ ಸಕ್ಕರೆ ಕಾರ್ಖಾನೆಗಳ ಹತ್ತಿರವಿದ್ದ ಹಳ್ಳಿಗಳಲ್ಲಿ ಇವತ್ತಿಗೂ ರಸ್ತೆ, ಶಾಲೆ, ಕೈಗಾರಿಕೆ ಹೆಚ್ಚು ಅಂತ ಅವರ ಅಧ್ಯಯನ ಹೇಳುತ್ತೆ. ಇದನ್ನು ಮುಚ್ಚಿಡಬಾರದು. ಆದರೆ ರಸ್ತೆಯ ಲಾಭ ಬಂದದ್ದು ಮರಿಮೊಮ್ಮಕ್ಕಳಿಗೆ, ಹಸಿವು ಬಂದದ್ದು ಮುತ್ತಜ್ಜನಿಗೆ. ಎರಡನ್ನೂ ಕೂಡಿ ಕಳೆದು ಸೊನ್ನೆ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಅದೇ ವರ್ಷಗಳಲ್ಲಿ ನಮ್ಮ ಮೈಸೂರು

ಜಾವಾದಲ್ಲಿ ಕಡ್ಡಾಯ ಬೆಳೆ ಶುರುವಾದ 1830ರಲ್ಲೇ ನಮ್ಮ ಮಲೆನಾಡಿನಲ್ಲಿ ನಗರದ ರೈತರ ದಂಗೆ ಎದ್ದಿತು. ಇದೂ ಕಂದಾಯದ ಕಥೆಯೇ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಆದ ಒಪ್ಪಂದದಂತೆ ಮೈಸೂರು ಪ್ರತಿ ವರ್ಷ ಇಂಗ್ಲಿಷ್ ಕಂಪನಿಗೆ 24.5 ಲಕ್ಷ ರೂಪಾಯಿ ಪೊಗದಿ ಕಟ್ಟಬೇಕಿತ್ತು. ಮಳೆ ಬರಲಿ ಬಿಡಲಿ, ಅದು ತಪ್ಪುವಂತಿರಲಿಲ್ಲ. ಇಷ್ಟು ವಸೂಲಿ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡ ಅಮಲ್ದಾರರು ರೈತರನ್ನು ಹಿಂಡಿದರು. ರೈತರು ತಿರುಗಿಬಿದ್ದರು. ದಂಗೆಯನ್ನೇ ನೆಪ ಮಾಡಿಕೊಂಡು 1831ರಲ್ಲಿ ಇಂಗ್ಲಿಷರು ಆಡಳಿತವನ್ನೇ ಕೈಗೆ ತಗೊಂಡರು, ಐವತ್ತು ವರ್ಷ ಬಿಡಲಿಲ್ಲ.

ಆ ಐವತ್ತು ವರ್ಷದ ಕೊನೆಗೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ, 1876-78. ನಮ್ಮ ಅಜ್ಜಿಯರ ಬಾಯಲ್ಲಿ ಬರ ಅಂದರೆ ಅದೇ. 1871ರ ಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಸುಮಾರು 50.5 ಲಕ್ಷ. 1881ರಲ್ಲಿ ಸುಮಾರು 41.8 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ನಾಡು ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಧಾನ್ಯ ಎಲ್ಲೂ ಇರಲಿಲ್ಲ ಅಂತಲ್ಲ. ರೈಲಿನಲ್ಲಿ ಧಾನ್ಯ ಓಡಾಡುತ್ತಿತ್ತು, ಹಿಂದೂಸ್ಥಾನದಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು. ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈ ಹಾಕಬಾರದು ಅನ್ನೋದು ವೈಸ್‌ರಾಯ್ ಲಿಟ್ಟನ್ ಕಾಲದ ನೀತಿ. ಖರ್ಚು ಹಿಡಿಯಲು ಬಂದ ರಿಚರ್ಡ್ ಟೆಂಪಲ್, ಮದ್ರಾಸ್ ಪ್ರಾಂತ್ಯದ ಬರ ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಕಲ್ಲು ಹೊತ್ತವನಿಗೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಗೊತ್ತು ಮಾಡಿದ. ನಮ್ಮ ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು.

1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ವಾಪಸ್ ಸಿಕ್ಕಿದಾಗ ಜೊತೆಗೆ ಸಿಕ್ಕಿದ್ದು ಬರಗಾಲದ ಸುಮಾರು 80 ಲಕ್ಷ ಸಾಲ. ಪೊಗದಿಯನ್ನೂ 35 ಲಕ್ಷಕ್ಕೆ ಏರಿಸಿದರು. ಬರದಿಂದ ಎದ್ದ ಕೂಡಲೇ ಕೊಡಲಾಗದು ಅಂತ ಗೋಗರೆದ ಮೇಲೆ ಏರಿಕೆಯನ್ನು ಕೆಲವು ವರ್ಷ ಮುಂದೂಡಿದರು ಅಷ್ಟೇ. ದಿವಾನ್ ರಂಗಾಚಾರ್ಲು ಕೈ ಕಟ್ಟಿದ್ದದ್ದು ಎಂಥ ಹಗ್ಗ ಅಂತ ಇದರಿಂದ ಗೊತ್ತಾಗುತ್ತೆ. ಇವತ್ತಿನ ಬಡ ದೇಶಗಳು ಸಾಲದ ಬಡ್ಡಿ ಕಟ್ಟಿದ ಮೇಲೆ ಆಸ್ಪತ್ರೆಗೆ ದುಡ್ಡಿಲ್ಲ ಅನ್ನೋದೂ ಇದೇ ಹಗ್ಗವೇ.

ನಮ್ಮ ಕಣಕ್ಕೆ ಬಂದ ಗಾಳಿ

ಈಗ ನನ್ನ ಮನೆ ವಿಷಯಕ್ಕೆ ಬರ್ತೀನಿ. ನಮ್ಮದು ಮೂಡಿಗೆರೆ ಕಡೆ, ಮೂರೆಕರೆ ಕಾಫಿ. ನಮ್ಮ ಸೀಮೆಗೂ ಈ ದೇಶಕ್ಕೂ ಕಾಫಿಯಿಂದ ಹಳೆ ನಂಟು. ಬಾಬಾಬುಡನ್ ಗಿರಿಯ ಕಥೆ ಎಲ್ಲರಿಗೂ ಗೊತ್ತು. ಡಚ್ಚರು ಜಾವಾದಲ್ಲಿ ನೆಟ್ಟ ಮೊದಲ ಕಾಫಿ ಸಸಿಗಳು 1690ರ ದಶಕದಲ್ಲಿ ಹೋದದ್ದು ನಮ್ಮ ಪಕ್ಕದ ಮಲಬಾರಿನಿಂದ.

ಅಪ್ಪನ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಿತ್ತು. 1942ರ ಕಾಯ್ದೆಯಿಂದ ಬಂದ ಪದ್ಧತಿ. ದುಡ್ಡು ಕಂತು ಕಂತಾಗಿ ಬರುತ್ತಿತ್ತು, ತಡವಾಗಿ ಬರುತ್ತಿತ್ತು. ಬೆಳೆಗಾರರು ಬೈಯುತ್ತಿದ್ದರು, ಬೈಯೋದರಲ್ಲಿ ಅರ್ಥವೂ ಇತ್ತು. ಆದರೆ ಬರುತ್ತೆ ಅನ್ನೋ ಧೈರ್ಯ ಇತ್ತು.

ಆಮೇಲೆ ಮೂರು ಕಡೆ ಮೂರು ತೀರ್ಮಾನಗಳಾದವು. 1989ರ ಜುಲೈನಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು. ಯಾವ ದೇಶ ಎಷ್ಟು ಮಾರಬೇಕು ಅನ್ನೋ ಅಂಕೆಯೇ ಹೋಯಿತು. 1991ರಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ, ರೂಪಾಯಿಯಲ್ಲೇ ವ್ಯಾಪಾರ ಮಾಡುತ್ತಿದ್ದ ಸೋವಿಯತ್ ಒಕ್ಕೂಟ ಒಡೆಯಿತು. ದಿಲ್ಲಿಯಲ್ಲಿ ಉದಾರೀಕರಣ ಬಂತು. 1992ರಿಂದ ಹಂತ ಹಂತವಾಗಿ ಬೋರ್ಡಿನ ಖರೀದಿ ಸಡಿಲವಾಗಿ 1996ರ ಹೊತ್ತಿಗೆ ಪೂರ್ತಿ ನಿಂತಿತು. ಮೊದಮೊದಲು ಹಬ್ಬ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿತು, ನಮ್ಮೂರಿಗೆ ಹೊಸ ಜೀಪುಗಳು ಬಂದವು. ಅಷ್ಟರಲ್ಲಿ ವಿಯೆಟ್ನಾಂ ಕಾಫಿ ತೋಟಗಳನ್ನು ಬೆಳೆಸುತ್ತಾ ಬಂದು ಪ್ರಪಂಚದ ಎರಡನೇ ದೊಡ್ಡ ಉತ್ಪಾದಕ ದೇಶವಾಯಿತು. 2001ರಲ್ಲಿ ಜಾಗತಿಕ ಬೆಲೆ ಮೂವತ್ತು ವರ್ಷದಲ್ಲೇ ಕನಿಷ್ಠಕ್ಕೆ ಕುಸಿಯಿತು. ಕೊಯ್ಲಿನ ಕೂಲಿಯೂ ಹುಟ್ಟದ ಬೆಲೆ.

ಆ ವರ್ಷ ಅಪ್ಪ ಒಣಗಿದ ಚೆರಿಯನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದರು, ಬೆಲೆ ಬರಲಿ ಅಂತ. ಬರಲಿಲ್ಲ. ಅಕ್ಕನ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು, ಅಮ್ಮನ ಎರಡೆಳೆ ಸರ ಸೊಸೈಟಿಗೆ ಹೋಯಿತು. ಬ್ಯಾಂಕಿನ ಸಾಲವನ್ನು ದೀರ್ಘಾವಧಿಗೆ ಬದಲಿಸುವ ಯೋಜನೆ ಬಂದದ್ದರಿಂದ ತೋಟ ಉಳಿಯಿತು. ನಮಗಾದರೂ ತೋಟ ಅಂತ ಒಂದಿತ್ತು. ಪಕ್ಕದ ದೊಡ್ಡ ಎಸ್ಟೇಟಿನ ಲೈನ್‌ಮನೆಗಳಲ್ಲಿದ್ದವರ ಪಾಡು ಬೇರೆ. ಮರಗಸಿ ನಿಂತಿತು, ಗೊಬ್ಬರ ಹಾಕೋದು ನಿಂತಿತು, ವಾರಕ್ಕೆ ಆರು ದಿನದ ಕೆಲಸ ಮೂರು ದಿನಕ್ಕೆ ಇಳಿಯಿತು. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಲೈನಿನ ಹುಡುಗ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಗಳೂರಿನ ಹೋಟೆಲ್ ಸೇರಿದ. ಅವನು ನನಗಿಂತ ಬುದ್ಧಿವಂತ, ಲೆಕ್ಕದಲ್ಲಂತೂ ಬಹಳ ಚುರುಕು. ಅವನ ಬಡತನಕ್ಕೆ ಸೋಮಾರಿತನ ಕಾರಣ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಲಂಡನ್, ಮಾಸ್ಕೋ, ದಿಲ್ಲಿ, ಹನೋಯ್‌ಗಳ ಲೆಕ್ಕ ಅವನ ಪಾಟಿಚೀಲದ ಮೇಲೆ ಬಿತ್ತು. ಹನೋಯ್ ಅಂದೆ. ಅಲ್ಲಿ ಅದೇ ಕಾಫಿಯಿಂದ ಎಷ್ಟೋ ಬಡ ಕುಟುಂಬಗಳು ಮೇಲೆ ಬಂದವು. ಅದೂ ನಿಜವೇ. ಒಂದೇ ಗಾಳಿ ಒಬ್ಬರ ಕಣದಲ್ಲಿ ತೂರುತ್ತೆ, ಇನ್ನೊಬ್ಬರ ಮಾಡು ಹಾರಿಸುತ್ತೆ.

ನಾವು ಕಳಿಸುವ ದುಡ್ಡು

ನಾನೀಗ ಕೆಲಸ ಮಾಡೋದು ಹಾರ್ಲೆಮ್‌ನ ವಾರ್ಡರ್‌ಪೋಲ್ಡರ್ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ, ಅಲ್ಲಿನ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳೋ ಕೆಲಸ. 1814ರಿಂದ ಡಚ್ಚರ ನೋಟು ಅಚ್ಚು ಹಾಕಿದ ಎನ್ಸ್‌ಖೆಡೆ ಮುದ್ರಣಾಲಯ ಇರೋದೂ ಅದೇ ಪ್ರದೇಶದಲ್ಲಿ. ನನ್ನ ಪಾಳಿಯ ಜೊತೆಗಾರ ಸುರಿನಾಮ್ ಮೂಲದವನು, ಆದರೆ ಮುಖ ನೋಡಿದರೆ ಜಾವಾದವನು. 1890ರಿಂದ 1939ರವರೆಗೆ ಸುಮಾರು 33 ಸಾವಿರ ಜಾವಾದವರನ್ನು ಕರಾರಿನ ಕೂಲಿಗಳಾಗಿ ಸುರಿನಾಮ್‌ಗೆ ಒಯ್ದರಂತೆ. ಅದಕ್ಕೂ ಮೊದಲು, 1873ರಿಂದ, ನಮ್ಮ ದೇಶದಿಂದ ಸುಮಾರು 34 ಸಾವಿರ ಜನರನ್ನು ಒಯ್ದರು. ಹೇಗ್‌ನಲ್ಲಿ ನಾವು ತರಕಾರಿ ಕೊಳ್ಳೋ ಹಿಂದೂಸ್ತಾನಿ ಅಂಗಡಿಯವರು ಅವರ ಮಕ್ಕಳು ಮೊಮ್ಮಕ್ಕಳೇ. ನಿಮ್ಮ ಮುತ್ತಾತ ಯಾಕೆ ಹಡಗು ಹತ್ತಿದ ಅಂತ ಅವನನ್ನು ಕೇಳಿದೆ. ಊಟ ಇರಲಿಲ್ಲ ಅಂದ, ಅಷ್ಟೇ. ನನ್ನನ್ನೂ ಅವನು ಅದನ್ನೇ ಕೇಳಿದ. ನಮಗೆ ಊಟ ಇತ್ತು, ಕಾಫಿಗೆ ಬೆಲೆ ಇರಲಿಲ್ಲ ಅಂದೆ.

ನಮ್ಮ ಬಳಗದ ವಾಟ್ಸಾಪಿನಲ್ಲಿ 2025ರಲ್ಲಿ ಯೂರೋ ನೂರು ರೂಪಾಯಿ ದಾಟಿದಾಗ ಎಲ್ಲರಿಗೂ ಖುಷಿ. ಈಗ ಕಳಿಸಿದರೆ ಒಳ್ಳೇದಾ, ಇನ್ನೂ ಕಾಯೋಣ್ವಾ ಅಂತ ಚರ್ಚೆ. ನಾನೂ ಆ ಚರ್ಚೆಯಲ್ಲಿದ್ದೆ, ಅದರಲ್ಲೇನೂ ತಪ್ಪಿಲ್ಲ. ದುಡಿದ ದುಡ್ಡು ನಾಲ್ಕು ಕಾಸು ಹೆಚ್ಚಾಗಲಿ ಅಂತ ಯಾರಿಗೆ ಆಸೆ ಇರಲ್ಲ? ಆದರೆ ರೂಪಾಯಿ ಇಳಿದರೆ ಹೊರಗಿನಿಂದ ಬರುವ ಡೀಸೆಲ್, ಅಡುಗೆ ಎಣ್ಣೆ, ಪೊಟ್ಯಾಶ್ ಗೊಬ್ಬರ ಎಲ್ಲ ದೇಶಕ್ಕೆ ತುಟ್ಟಿಯಾಗಿ ಬೀಳುತ್ತೆ. ಅಣ್ಣನಿಗೆ ಕಾಫಿ ರಫ್ತಿನ ಬೆಲೆ ಸ್ವಲ್ಪ ಏರಬಹುದು. ಲೈನ್‌ಮನೆಯವರಿಗೆ ಏರೋದು ಖರ್ಚು ಮಾತ್ರ. ಅವರಿಗೆ ಯೂರೋ ಕಳಿಸೋ ಮಗ ಇಲ್ಲ.

1991ರಲ್ಲಂತೂ ಇದು ದೇಶದ ಮಟ್ಟದಲ್ಲೇ ನಡೆಯಿತು. ಕುವೈತ್ ಯುದ್ಧದಿಂದ ಎಣ್ಣೆ ಬೆಲೆ ಏರಿತು, ಕೊಲ್ಲಿಯಿಂದ ನಮ್ಮ ಕರಾವಳಿಯವರೂ ಸೇರಿ ಲಕ್ಷಾಂತರ ಜನ ಬರಿಗೈಲಿ ವಾಪಸ್ ಬಂದರು, ಅನಿವಾಸಿಗಳು ಬ್ಯಾಂಕಿನಲ್ಲಿಟ್ಟಿದ್ದ ಡಾಲರುಗಳನ್ನು ಹಿಂದಕ್ಕೆ ಪಡೆದರು. ಸರ್ಕಾರ ಸುಮಾರು 47 ಟನ್ ಬಂಗಾರ ಅಡವಿಟ್ಟಿತು, ಜುಲೈ ಮೊದಲ ವಾರದಲ್ಲಿ ಎರಡು ಸಲ ರೂಪಾಯಿ ಬೆಲೆ ಇಳಿಸಿತು. ಆಗ ಹೊರಗಿದ್ದು ದುಡ್ಡು ತೆಗೆದವರು ಕೆಟ್ಟವರಲ್ಲ, ಹೆದರಿದವರು. ಆದರೆ ಸಾವಿರಾರು ಜನರ ಹೆದರಿಕೆ ಸೇರಿದರೆ ಅದೂ ಒಂದು ನೀತಿಯಷ್ಟೇ ಭಾರ. ಅನಿವಾಸಿಗಳಾದ ನಾವು ಈ ಕಥೆಯ ಪ್ರೇಕ್ಷಕರಲ್ಲ, ಪಾತ್ರಧಾರಿಗಳು.

ಮುಂದೆ ಕಾಫಿಗೆ ಮತ್ತೆ ಬಂಗಾರದ ಕಾಲ ಬಂತು. 2024-25ರಲ್ಲಿ ಹಿಂದೆಂದೂ ಕಾಣದ ಬೆಲೆ ಕಂಡಿತು. ಅಣ್ಣ ಫೋನ್ ಮಾಡಿ, ಪಕ್ಕದ ಎರಡೆಕರೆ ಮಾರಾಟಕ್ಕಿದೆ ಕಣೋ, ನೀನು ಅರ್ಧ ಹಾಕು, ಉಳಿದದ್ದಕ್ಕೆ ಬ್ಯಾಂಕ್ ಸಾಲ ಮಾಡೋಣ ಅಂದ. ನಾನು ತಿಂಗಳುಗಟ್ಟಲೆ ಯೋಚಿಸಿದೆ. ಬ್ರೆಜಿಲ್‌ನಲ್ಲಿ ಮಳೆಯಾದರೆ ಬೆಲೆ ಏನಾಗುತ್ತೆ? ಕಾಡು ಕಡಿದ ನೆಲದಲ್ಲಿ ಬೆಳೆದದ್ದಲ್ಲ ಅಂತ ಪ್ರತಿ ತೋಟದ ನಕ್ಷೆ ಸಮೇತ ಸಾಬೀತು ಮಾಡಬೇಕು ಅನ್ನೋ ಯುರೋಪಿನ ಕಾನೂನು 2023ರಲ್ಲಿ ಆಗಿದೆ. ಜಾರಿ ಮುಂದಕ್ಕೆ ಹೋಗುತ್ತಿದೆ, ಹೋಗಿಯೇ ಇಲ್ಲ ಅಂತಲ್ಲ. ಉದ್ದೇಶ ಒಳ್ಳೆಯದೇ. ದೊಡ್ಡ ಎಸ್ಟೇಟಿನವರು ಆ ಕಾಗದ ಪತ್ರ ಸುಲಭವಾಗಿ ಮಾಡಿಸಿಕೊಳ್ತಾರೆ. ಮೂರೆಕರೆಯವರಿಗೆ ಅದೇ ಒಂದು ತಲೆನೋವು. ಕೊನೆಗೆ ಅಣ್ಣನಿಗೆ ಹೇಳಿದೆ: ಸಾಲ ಬೇಡ ಕಣೋ, ನಾನು ಕಳಿಸುವ ದುಡ್ಡಿನಲ್ಲಿ ಮೊದಲು ನೀರಿನ ತೊಟ್ಟಿ ಕಟ್ಟು, ಕಾಳುಮೆಣಸು ಹಬ್ಬಿಸು, ಕೊಯ್ಲಿಗೆ ಬರುವವರ ಕೂಲಿಯನ್ನು ಈ ಎರಡು ಒಳ್ಳೆಯ ವರ್ಷದಲ್ಲಾದರೂ ಏರಿಸು. ಬೆಲೆ ಬಿದ್ದಾಗ ಅವರು ನಮ್ಮ ಜೊತೆ ಬೀಳ್ತಾರೆ ಅಂದಮೇಲೆ ಎದ್ದಾಗಲೂ ಜೊತೆಗೆ ಏಳಲಿ. ಅಣ್ಣನಿಗೆ ಪೂರ್ತಿ ಸಮಾಧಾನ ಆಗಿಲ್ಲ. ತೊಟ್ಟಿ ಕೆಲಸ ಮಾತ್ರ ಶುರುವಾಗಿದೆ.

ನೀತಿಗಳೆಲ್ಲ ಬಡವರ ವೈರಿ ಅಂತ ನಾನು ಹೇಳ್ತಿಲ್ಲ. ಪಡಿತರದ ಅಕ್ಕಿಯೂ ನೀತಿಯೇ, ಉದ್ಯೋಗ ಖಾತ್ರಿಯೂ ನೀತಿಯೇ, ಈ ದೇಶದ ಮಕ್ಕಳ ಕಾರ್ಖಾನೆ ಕೆಲಸ ನಿಲ್ಲಿಸಿದ ಕಾನೂನೂ ನೀತಿಯೇ. ಹಾರ್ಲೆಮ್, ಜಾವಾ, ಮೈಸೂರು ಮೂರೂ ಕಡೆ ನನಗೆ ಕಂಡದ್ದು ಒಂದೇ ಮಾತು. ಲೆಕ್ಕ ತಪ್ಪಿದಾಗ ನಷ್ಟ ಹೊರಬೇಕಾದವರು ಲೆಕ್ಕ ಹಾಕುವಾಗ ಆ ಕೋಣೆಯಲ್ಲಿ ಇರಲಿಲ್ಲ. ನಮ್ಮಲ್ಲಿ ಕೆಲವರು ಈಗ ಅಂಥ ಕೋಣೆಗಳ ಹತ್ತಿರ ಬಂದಿದ್ದೀವಿ. ಬ್ಯಾಂಕಿನಲ್ಲಿ, ಆಮದು ಕಂಪನಿಯಲ್ಲಿ, ಕಾಫಿ ಹುರಿಯುವ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿ ಕೂತಿದ್ದೀವಿ. ಐದು ವರ್ಷ ಇದ್ದವರಿಗೆ ಇಲ್ಲಿನ ನಗರಸಭೆ ಚುನಾವಣೆಯಲ್ಲಿ ಓಟೂ ಇದೆ. ಲೈನ್‌ಮನೆಯ ಲೆಕ್ಕ ಬಲ್ಲವರು ಆ ಮೇಜಿನ ಸುತ್ತ ಕಡಿಮೆ. ಆದ್ದರಿಂದ ಗೊತ್ತಿರುವ ನಾವು ಬಾಯಿ ಬಿಡಬೇಕು.